ಚೌತಿಯ ಸೌತೆಕಾಯಿ

ವೆಂಕಟಸುಬ್ಬಯ್ಯನವರು ಬುದ್ಧಿ ಬಂದಾಗಿನಿಂದ ತಲೆ ತಗ್ಗಿಸಿಕೊಂಡೇ ನಡೆದವರು. ಊರಿನಲ್ಲಿ ತಂದೆಯ ಮುಂದೆ, ಶಾಲೆಯಲ್ಲಿ ಮೇಷ್ಟರ ಮುಂದೆ, ಮುಂಬಯಿಗೆ ಬಂದ ಮೇಲೆ ವಕೀಲ ಸತ್ಯಮೂರ್ತಿಗಳ ಮುಂದೆ. ಶನಿವಾರ ಶನಿವಾರ ಗಮಕ ಕೇಳಲು ಕೂತಾಗಲೂ ಅವರ ಗದ್ದ ಎದೆಗೆ ಅಂಟಿಕೊಂಡಿರುತ್ತಿತ್ತು. ಅದು ನಿದ್ದೆಯೋ ಭಕ್ತಿಯೋ ಪಕ್ಕದವರಿಗೆ ತಿಳಿಯುತ್ತಿರಲಿಲ್ಲ. ಕಣ್ಣಿನಿಂದ ನೀರಿಳಿದ ಮೇಲೆಯೇ ಭಕ್ತಿ ಎಂದು ಗೊತ್ತಾಗುತ್ತಿತ್ತು. ಅಂಥ ಮನುಷ್ಯ ಒಂದು ಸಲ ತಲೆ ಎತ್ತಿದರು. ಎತ್ತಿದ್ದು ಗಣೇಶ ಚೌತಿಯ ಸಂಜೆ.

ತಪ್ಪು ಅವರದಲ್ಲ, ಕೊಡೆಯದು. ಚೌತಿಯ ಚಂದ್ರನನ್ನು ಕಂಡವರಿಗೆ ಕಳ್ಳತನದ ಅಪವಾದ ತಪ್ಪದು, ಸಾಕ್ಷಾತ್ ಭಗವಂತನೇ ಅದನ್ನು ನೋಡಿ ರತ್ನ ಕದ್ದವನೆನ್ನಿಸಿಕೊಂಡ ಎಂಬ ಕಥೆಯನ್ನು ಅವರು ಅಜ್ಜಿಯ ತೊಡೆಯ ಮೇಲೆ ಕೂತು ಕೇಳಿದ್ದರು. ಅಂದಿನಿಂದ ಚೌತಿಯ ಸಂಜೆ ಹೊರಗೆ ಕಾಲಿಟ್ಟರೆ, ಮಳೆ ಇರಲಿ ಬಿಡಲಿ, ಕೊಡೆಯನ್ನು ಹುಬ್ಬಿನ ತನಕ ಇಳಿಸಿಕೊಂಡು ನಡೆಯುವುದು ಅವರ ವ್ರತ. ಎದುರಿಗೆ ಬಂದವರಿಗೆ ಒಂದು ಕೊಡೆ, ಎರಡು ಕಾಲು, ಇಷ್ಟೇ ಕಾಣುತ್ತಿತ್ತು.

ಭಾಂಡುಪ್ ಸ್ಟೇಷನ್ನಿನಿಂದ ಹೊರಗೆ ಬಂದು ಚಾಳಿನ ರಸ್ತೆಗೆ ತಿರುಗುವ ಕಡೆ ಗಾಳಿ ಒಂದು ಸಲ ಬೀಸಿತು. ಕಡ್ಡಿಯೊಂದು ಟಕ್ ಎಂದಿತು. ಕೊಡೆ ದಾಸವಾಳದಂತೆ ಮೇಲ್ಮುಖವಾಗಿ ಅರಳಿತು. ಅದನ್ನು ಹಿಡಿಯಲೆಂದು ಅವರು ಮುಖ ಎತ್ತಿದರು. ಮೋಡದ ಮಬ್ಬಿನಲ್ಲಿ, ಸೂರುಗಳ ಆಚೆ, ಹಾಲಿನಂತೆ ಬೆಳ್ಳಗೆ, ತಟ್ಟೆಯಂತೆ ಗುಂಡಗೆ ಅದು ನಿಂತಿತ್ತು. ರೆಪ್ಪೆಯನ್ನು ಬಾಗಿಲು ಜಡಿದ ಹಾಗೆ ಮುಚ್ಚಿದರು. ಮುಚ್ಚಿ ಏನು ಬಂತು, ನೋಡಿದ್ದಾಗಿತ್ತು.

ಬೇರೆ ವರ್ಷವಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದರು. ಈ ವರ್ಷ, ಈ ದಿನವೇ ಆಗಬೇಕೆ ಎಂದು ಕೊಡೆಯನ್ನು ಶಪಿಸಿದರು.

ಹಬ್ಬದ ರಜೆಯಾದರೂ ಅವತ್ತು ಮಧ್ಯಾಹ್ನ ಊಟ ಮುಗಿಸಿ ಅವರು ಬಾಂದ್ರಾದ ವಕೀಲರ ಬಂಗಲೆಗೆ ಹೋಗಿದ್ದರು. ಮಾರನೆಯ ದಿನ ಪ್ರಫುಲ್ಲಾಬಾಯಿಯ ಕೇಸು. ಖಾನಾವಳಿ ನಡೆಸುವ ಆ ಹೆಂಗಸು, ಹಿತ್ತಿಲ ಕಿಟಕಿಯಿಂದ ಇಣುಕಿ ಒಳಗೆ ಒಂದು ಕಾಲಿಟ್ಟ ಪಾನನಿರೋಧದ ಇನ್ಸ್‌ಪೆಕ್ಟರನನ್ನು ಕಳ್ಳನೆಂದು ತಿಳಿದು ಲಟ್ಟಣಿಗೆಯಲ್ಲಿ ಬಡಿದಿದ್ದಳು. ಸರ್ಕಾರಿ ತಲೆ, ಮೂರು ಹೊಲಿಗೆ. ಸತ್ಯಮೂರ್ತಿಗಳು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ವಾದವನ್ನು ಹೇಳುತ್ತ ಹೋದರು, ಇವರು ಬರೆದುಕೊಳ್ಳುತ್ತ ಹೋದರು.

"ಕೈ ಏನು ಮಾಡಿತು ಅನ್ನೋದು ಅರ್ಧ ಕೇಸು, ಸುಬ್ಬಯ್ಯ. ಮನಸ್ಸು ಏನು ನಂಬಿತ್ತು ಅನ್ನೋದು ಇನ್ನರ್ಧ. ಇದ್ದ ಸಂಗತಿಯನ್ನ ತಪ್ಪಾಗಿ ತಿಳಕೊಂಡು ಮಾಡಿದ್ದು ಅಪರಾಧ ಆಗಲ್ಲ. ಕಳ್ಳ ಅಂತ ನಂಬಿ ಹೊಡೆದಳು. ಹೊಡೆದದ್ದು ಕಳ್ಳನಿಗೇ ಹೊರತು ಇನ್ಸ್‌ಪೆಕ್ಟರಿಗಲ್ಲ."

"ಅವಳ ಮನಸ್ಸು ನಮಗೆ ಹ್ಯಾಗೆ ಗೊತ್ತಾಗುತ್ತೆ ಸಾರ್?" ಎಂದು ವೆಂಕಟಸುಬ್ಬಯ್ಯನವರು ನೆಲ ನೋಡುತ್ತ ಕೇಳಿದ್ದರು.

"ಆ ಹೊತ್ತಿನ ಹಿಂದುಮುಂದಿನ ನಡತೆ ನೋಡಬೇಕು. ಮನುಷ್ಯ ಸಂಜೆ ಹ್ಯಾಗೆ ನಡಕೊಂಡ ಅಂತ ತಿಳಿದರೆ, ಮಧ್ಯಾಹ್ನ ಅವನ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಬಲ್ಲೆ."

ಬರಹ ಮುಗಿದ ಮೇಲೆ ವಕೀಲರು ಕೀಲಿಕೈ ಕೊಟ್ಟು, ಕಾಗದಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ ಬರಲು ಹೇಳಿದರು. ಬಂದು ನಿಂತಾಗ ಅವರು ಆಡಿದ ಮಾತು ಕೇಳಿ ವೆಂಕಟಸುಬ್ಬಯ್ಯನವರಿಗೆ ಕಿವಿ ಗುಯ್ ಎಂದಿತು. ನಾಳೆಯಿಂದ ಅವರೇ ಹೆಡ್ ಗುಮಾಸ್ತ, ಬೀರು ಅವರ ಕೈಗೇ. ಕಕ್ಷಿಗಾರರ ಆಸ್ತಿಪತ್ರ, ಒಡವೆ ಎಲ್ಲ ಇರುವ ಬೀರು ಅದು. ಹಿಂದಿನ ಹೆಡ್ ಗುಮಾಸ್ತನನ್ನು ಬರೀ ಒಂದು ಗುಸುಗುಸುವಿನ ಮೇಲೆ ಮನೆಗೆ ಕಳಿಸಿದ್ದರು. "ಕೋರ್ಟಿಗೆ ಸಾಬೀತು ಬೇಕು. ನನ್ನ ಬೀರುವಿಗೆ ಅನುಮಾನ ಸಾಕು" ಎಂದು ವಕೀಲರು ನಕ್ಕಿದ್ದರು. ವೆಂಕಟಸುಬ್ಬಯ್ಯನವರು ಎರಡು ಸಲ ನಮಸ್ಕಾರ ಮಾಡಿ, ಚಪ್ಪಲಿ ಎಡಬಲ ಮಾಡಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಓಡಿದ್ದರು.

ಈಗ ಚಂದ್ರ. ಅಪವಾದ. ಕಳ್ಳತನ. ಅನುಮಾನ ಸಾಕು.

ಈ ದೋಷಕ್ಕೆ ಒಂದು ಶ್ಲೋಕವಿದೆ. ನೂರಾರು ಸಲ ಬೇರೆಯವರಿಗೆ ಹೇಳಿಕೊಟ್ಟ ಶ್ಲೋಕ. ಈಗ ದಾರಿಯಲ್ಲಿ ಹೇಳಿಕೊಳ್ಳಲು ಹೋದರೆ ಮೊದಲ ಸಾಲಾದ ಮೇಲೆ ನಾಲಿಗೆ ಗೋಡೆಗೆ ಡಿಕ್ಕಿ ಹೊಡೆದಂತೆ ನಿಂತುಬಿಟ್ಟಿತು. ಅರ್ಧ ಶ್ಲೋಕಕ್ಕೆ ಅರ್ಧ ದೋಷವಾದರೂ ಹೋಗುತ್ತದೆಯೇ ಎಂಬುದು ಅವರಿಗೆ ತಿಳಿಯದು.

ಮನೆಗೆ ಬಂದು ಹೆಂಡತಿ ರಮಾಮಣಿಯ ಮುಂದೆ ನಿಂತಾಗ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗನ ಮುಖ ಅವರದಾಗಿತ್ತು. ಸಂಗತಿ ಕೇಳಿ ಆಕೆ ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ಅದಕ್ಯಾಕೆ ಇಷ್ಟು ಗಾಬರಿ, ಅಂದ್ರೆ? ನಮ್ಮೂರಲ್ಲಿ ಚಂದ್ರನ್ನ ಕಂಡವರು ಪಕ್ಕದ ಮನೆ ಮೇಲೆ ಕಲ್ಲು ಹಾಕಿ ಬೈಸಿಕೊಂಡುಬಿಡ್ತಿದ್ದರು. ಸುಮ್ಮಸುಮ್ಮನೆ ಒಂದು ಬೈಗುಳ ತಿಂದರೆ ದೋಷ ಅಲ್ಲಿಗೇ ತೀರಿತು. ಚಂದ್ರ ಮುಳುಗೋದರೊಳಗೆ ಬೈಸಿಕೊಳ್ಳಬೇಕು, ಅಷ್ಟೆ."

"ನೀನೇ ಬೈದುಬಿಡೆ" ಎಂದರು ಇವರು, ಆಸೆಯಿಂದ.

"ಹೆಂಡತಿ ಬೈದದ್ದು ಲೆಕ್ಕಕ್ಕಿಲ್ಲ. ಇದ್ದಿದ್ದರೆ ಮದುವೆಯಾದ ಗಂಡಸರಿಗೆ ಯಾರಿಗೂ ದೋಷವೇ ತಟ್ಟುತ್ತಿರಲಿಲ್ಲ."

ಹೀಗೆ ನಲವತ್ತೆಂಟು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ಬದುಕಿದ ಮನುಷ್ಯ, ಹಬ್ಬದ ಹೊಸ ಪಂಚೆಯ ಮೇಲಿನ ಕೋಟನ್ನೂ ತೆಗೆಯದೆ, ಬೈಸಿಕೊಳ್ಳಲು ಹೊರಟರು.

ಆ ಚಾಳು ಒಂದೇ ಅಂತಸ್ತಿನದು. ಸಾಲಾಗಿ ಖೋಲಿಗಳು, ಎಲ್ಲಕ್ಕೂ ಸೇರಿ ಒಂದೇ ಉದ್ದನೆಯ ಹೆಂಚಿನ ಮಾಡು. ವೆಂಕಟಸುಬ್ಬಯ್ಯನವರು ಹಿಂಭಾಗಕ್ಕೆ ಹೋಗಿ, ದೇವರ ಹೆಸರು ಹೇಳಿ, ಒಂದು ಸಣ್ಣ ಕಲ್ಲನ್ನು ನೆರೆಯ ಬಸವಂತಪ್ಪನ ಖೋಲಿಯ ಮೇಲಕ್ಕೆ ಎಸೆದರು. ಕಲ್ಲು ಹೆಂಚಿನಿಂದ ಹೆಂಚಿಗೆ ನೆಗೆಯುತ್ತ, ಮನೆಯ ದಾರಿ ಬಲ್ಲ ಹಸುವಿನಂತೆ, ನೇರವಾಗಿ ಅವರದೇ ಅಡುಗೆಮನೆಯ ಬೆಳಕಿಂಡಿಯೊಳಗೆ ಇಳಿಯಿತು. ಒಳಗಿನಿಂದ ರಮಾಮಣಿಯ ದನಿ ಕೇಳಿಬಂತು. ಆ ಬೈಗುಳ ಬಹಳ ಚೆನ್ನಾಗಿತ್ತು. ಆದರೆ ಲೆಕ್ಕಕ್ಕಿಲ್ಲ.

ಶಬ್ದ ಕೇಳಿ ಬಸವಂತಪ್ಪ ಹೊರಗೆ ಬಂದ. ಬಿಜಾಪುರದ ಕಡೆಯವನು, ಕಾರ್ಖಾನೆಯಲ್ಲಿ ಫಿಟ್ಟರ್, ಸ್ಟೇಷನ್ ರಸ್ತೆಯ ಗಣಪತಿ ಮಂಡಳಿಯ ಸೆಕ್ರೆಟರಿ. ಆತನಿಗೆ ಸಿಟ್ಟು ಬಂದರೆ ಇಡೀ ಚಾಳು ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ವೆಂಕಟಸುಬ್ಬಯ್ಯನವರು ಇದೇ ಸಮಯವೆಂದು, ಕಲ್ಲೆಸೆದದ್ದು ತಾನೇ ಎಂದರು. ಬಸವಂತಪ್ಪ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಯಾವನೋ ಹುಡುಗನ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆಂದು ಅವನಿಗೆ ಅನ್ನಿಸಿತು.

"ಎಂಥಾ ದೊಡ್ಡ ಮನಸ್ಸರೀ ನಿಮ್ಮದು ರಾಯರ. ಬರ್ರಿ, ಒಳಗ ಬರ್ರಿ" ಎಂದು ಕೈ ಹಿಡಿದು ಎಳೆದುಕೊಂಡು ಹೋಗಿ ಎರಡು ಕಡುಬು ತಿನ್ನಿಸಿಯೇ ಬಿಟ್ಟ.

ಕಡುಬು ನುಂಗಿಕೊಂಡು ಹೊರಗೆ ಬರುವಾಗ ಚೆನ್ನಯ ಯಾವಾಗಲೋ ಹೇಳಿದ್ದ ಮಾತು ಅವರಿಗೆ ನೆನಪಾಯಿತು. ಚೆನ್ನಯ ಉಡುಪಿಯವನು, ಫೋರ್ಟಿನ ಹೋಟೆಲೊಂದರಲ್ಲಿ ಅಡುಗೆಯವನು. ತಮ್ಮ ಕಡೆ ಚೌತಿಯ ದಿನ ಪಡ್ಡೆ ಹುಡುಗರು ಪಕ್ಕದ ಮನೆಯ ಸೌತೆಕಾಯಿ ಕದ್ದು ಬೈಸಿಕೊಳ್ಳುತ್ತಾರೆಂದು ಅವನು ನಗುತ್ತ ಹೇಳಿದ್ದ. ಚಾಳಿನ ಕೊನೆಯ ಖೋಲಿ ಅವನದು. ಅವನ ಹೆಂಡತಿ ಸೇವಂತಿ ಪಕ್ಕದ ಮೂರು ಮೊಳ ಜಾಗದಲ್ಲಿ ಬಿದಿರು ಕಟ್ಟಿ ಊರಿನ ಬೀಜದ ಸೌತೆ ಹಬ್ಬಿಸಿದ್ದಳು. ಬಳ್ಳಿಯಲ್ಲಿ ಒಂದೇ ಕಾಯಿ ಉಳಿದಿತ್ತು. ಸೇವಂತಿಯ ಬಾಯಿ ಸಾಮಾನ್ಯವಲ್ಲ. ನಳದ ಹತ್ತಿರ ಅವಳು ಮಾತೆತ್ತಿದರೆ ಕೊಡಗಳು ತಾವಾಗಿ ಸರದಿಯಲ್ಲಿ ನಿಲ್ಲುತ್ತಿದ್ದವು.

ಚಪ್ಪರದ ಹತ್ತಿರ ಹೋದ ಮೇಲೆ ಅವರೊಳಗಿನ ಗುಮಾಸ್ತ ಎದ್ದು ಕೂತ. ಕದಿಯುವ ಮನಸ್ಸಿಲ್ಲದೆ ಕಿತ್ತರೆ ಅದು ಕಳ್ಳತನವಲ್ಲ. ಕಳ್ಳತನವೇ ಅಲ್ಲದ ಮೇಲೆ ಅದಕ್ಕೆ ಬಿದ್ದ ಬೈಗುಳಕ್ಕೆ ಏನು ಬೆಲೆ? ವಕೀಲರಾದರೂ ಇದನ್ನೇ ಕೇಳುತ್ತಿದ್ದರು. ಆದ್ದರಿಂದ ಮನಸ್ಸು ಮಾಡಲೇಬೇಕು. ಅವರು ಕಾಯಿಯನ್ನು ನೋಡಿದರು. ಮಬ್ಬುಗತ್ತಲಲ್ಲಿ ಅದು ಎಳೆಗೂಸಿನ ತೋಳಿನಂತೆ ತುಂಬಿಕೊಂಡು ತೂಗುತ್ತಿತ್ತು. ಮುಂಬಯಿಯ ಮಾರುಕಟ್ಟೆಯಲ್ಲಿ ಇಂಥದ್ದು ಸಿಗದು. ಇದನ್ನು ಹೆಚ್ಚಿ, ಸಾಸಿವೆ ಅರೆದು, ಮೊಸರು ಹಾಕಿ ಪಚಡಿ ಮಾಡಿದರೆ? ಬಾಯಲ್ಲಿ ನೀರೂರಿತು. ನಾಟಕಕ್ಕೆಂದು ಕರೆದ ಆಸೆ ನಿಜವಾಗಿಯೇ ಬಂದು ಕೂತಿತ್ತು. ಸೇವಂತಿ ನೀರು ಹೊತ್ತು ಬೆಳೆಸಿದ್ದು ಎಂದು ಗೊತ್ತಿದ್ದೂ ಅದು ತನಗೆ ಬೇಕೆನ್ನಿಸಿತು. ಹೀಗೆ ಅನ್ನಿಸಿದ್ದಕ್ಕೆ ಕತ್ತಲಲ್ಲಿ ಒಬ್ಬರೇ ನಿಂತು ಅವರು ಕೆಂಪಾದರು. ನಾಚಿಕೆಯಲ್ಲೇ ಕೈ ಚಾಚಿದರು. ಕಾಯಿ ಕೈಗೆ ಬಂತು. ಅದರ ಜೊತೆಗೆ ಒಂದು ಬಿದಿರೂ ಬಂತು.

"ಚೋರ್, ಚೋರ್" ಎಂದು ಸೇವಂತಿ ಒಳಗಿನಿಂದ ಕೂಗಿದಳು. ಹಿಂದಿನಿಂದ ಚೆನ್ನಯ ಬಂದು ಅಕ್ಕಿಯ ಗೋಣಿಚೀಲವನ್ನು ಕಳ್ಳನ ತಲೆಯಿಂದ ಸೊಂಟದವರೆಗೆ ಇಳಿಸಿದ. ಮೇಲೆ ತೆಂಗಿನ ಕಡ್ಡಿಯ ಹಿಡಿಸೂಡಿಯ ಪೆಟ್ಟು ಮಳೆಯಂತೆ ಬಿತ್ತು. ಪ್ರತಿ ಪೆಟ್ಟಿಗೂ ಕೋಟಿನ ಜೇಬಿನಲ್ಲಿ ಏನೋ ಗಣಗಣ ಎಂದಿತು. ಚಿಲ್ಲರೆ ಇರಬೇಕೆಂದುಕೊಂಡರು. ಗೋಣಿಯೊಳಗಿನ ಧೂಳಿನಲ್ಲಿ ಸೀನುತ್ತ ಅವರು ಕಿವಿಗೊಟ್ಟು ಕೇಳಿದರು. ಎಂಥ ಬೈಗುಳ ಅದು, ಉಸಿರು ತೆಗೆದುಕೊಳ್ಳದೆ, ತಾಳ ತಪ್ಪದೆ, ಒಂದಕ್ಕಿಂತ ಒಂದು ಏರುದನಿಯಲ್ಲಿ. ಗಮಕ ಕೇಳುವಾಗ ಹರಿಯುವಂತೆ ಅವರ ಕಣ್ಣಿನಲ್ಲಿ ನೀರು ಹರಿಯಿತು. ಒಂದೇ ಕೊರತೆ: ಬೈಗುಳವೆಲ್ಲ ತುಳುವಿನಲ್ಲಿತ್ತು. ಅವರಿಗೆ ಒಂದು ಮಾತೂ ತಿಳಿಯಲಿಲ್ಲ.

ಇಡೀ ಚಾಳು ಲಾಟೀನು ಹಿಡಿದು ಸೇರಿತು. ಬಸವಂತಪ್ಪ ಗೋಣಿಚೀಲ ಎತ್ತಿದ. ಮೊದಲು ಹೊಸ ಪಂಚೆ, ಆಮೇಲೆ ಕೋಟು, ಅದರೊಳಗೆ ಎದೆಗವಚಿಕೊಂಡ ಸೌತೆಕಾಯಿ, ಕೊನೆಗೆ ವೆಂಕಟಸುಬ್ಬಯ್ಯನವರು ಹೊರಗೆ ಬಂದರು. ಸೇವಂತಿಯ ಕೈಯಿಂದ ಹಿಡಿಸೂಡಿ ಕೆಳಗೆ ಬಿತ್ತು.

"ಅಯ್ಯೋ ರಾಯರೇ, ನೀವಾ?" ಎಂದಳು ಅವಳು. "ನನ್ನ ಕೈ ಮುರಿಯಲಿ. ನಾನು ಎಂತೆಂತದೆಲ್ಲ ಹೇಳಿಬಿಟ್ಟೆ."

"ಪರವಾಗಿಲ್ಲಮ್ಮ. ನನಗೆ ಅದೇ ಬೇಕಾಗಿತ್ತು" ಎಂದರು ಇವರು ತೃಪ್ತಿಯಿಂದ.

"ಇಲ್ಲ ಇಲ್ಲ. ನಾನು ಬೈದದ್ದು ಕಳ್ಳನಿಗೆ. ಕಳ್ಳ ಅಂತ ನಂಬಿ ಬೈದದ್ದು. ನಿಮಗೆ ಒಂದು ಮಾತೂ ತಾಗುವುದಿಲ್ಲ, ದೇವರ ಆಣೆ."

ವೆಂಕಟಸುಬ್ಬಯ್ಯನವರು ಬೆಚ್ಚಿದರು. ಮಧ್ಯಾಹ್ನ ತಾವೇ ಬರೆದುಕೊಂಡ ವಾದ, ಅಕ್ಷರ ಬಿಡದೆ. ಹೊಡೆದದ್ದು ಕಳ್ಳನಿಗೇ ಹೊರತು ಇನ್ಸ್‌ಪೆಕ್ಟರಿಗಲ್ಲ. ಬೈದದ್ದು ಕಳ್ಳನಿಗೇ ಹೊರತು ಸುಬ್ಬಯ್ಯನಿಗಲ್ಲ. ಇಷ್ಟು ಹೊಡೆತ ತಿಂದು, ಬೈಗುಳ ಬೇರೆ ವಿಳಾಸಕ್ಕೆ ಹೋಗಿಬಿಟ್ಟಿತ್ತು.

"ಹಾಗಲ್ಲಮ್ಮ, ನಾನೇ ಆ ಕಳ್ಳ. ನಾನು ಈ ಕಾಯಿ ಕದ್ದಿದ್ದೇನೆ" ಎಂದು ಕಾಯಿಯನ್ನು ಮುಂದೆ ಚಾಚಿದರು.

ಸೇವಂತಿ ರಮಾಮಣಿಯ ಕಡೆ ತಿರುಗಿದಳು. "ನೀವು ಹೇಳಲಿಲ್ಲವಾ ಅಕ್ಕ? ಬೆಳಿಗ್ಗೆ ನಳದ ಹತ್ತಿರ ಹೇಳಿದ್ದೆನಲ್ಲ, ಈ ಕಾಯಿ ನಿಮ್ಮ ಹಬ್ಬಕ್ಕಂತಲೇ ಬಿಟ್ಟದ್ದು, ಬೇಕಾದಾಗ ಕೊಯ್ದುಕೊಂಡು ಹೋಗಿ ಅಂತ. ಅದು ನಿಮ್ಮದೇ ಕಾಯಿ."

ರಮಾಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಬ್ಬದ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

ಅಲ್ಲಿಂದ ಮುಂದೆ ನಡೆದಂಥ ವಿಚಾರಣೆ ಯಾವ ಕೋರ್ಟಿನಲ್ಲೂ ನಡೆದಿರಲಾರದು. ಆರೋಪಿ ತಾನು ಕಳ್ಳನೆಂದು ಸಾಧಿಸುತ್ತಿದ್ದ. ಫಿರ್ಯಾದಿಗಳು ಅಲ್ಲವೆಂದು ಕೈಮುಗಿಯುತ್ತಿದ್ದರು. ಕಾಯಿ ತಮ್ಮದೆಂದು ತಮಗೆ ಗೊತ್ತಿರಲಿಲ್ಲ, ಬೇರೆಯವರದೆಂದು ನಂಬಿಯೇ, ಕತ್ತಲಲ್ಲಿ, ಹೆಜ್ಜೆಯ ಸಪ್ಪಳವಾಗದಂತೆ ಬಂದು, ಮನಸಾರೆ ಆಸೆಪಟ್ಟು ಕಿತ್ತದ್ದು ಎಂದು ವೆಂಕಟಸುಬ್ಬಯ್ಯನವರು ತಲೆ ತಗ್ಗಿಸಿ ಒಪ್ಪಿಕೊಂಡರು. ಪಚಡಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ಅವರ ಕಿವಿ ಬಿಸಿಯಾಯಿತು. ಬಸವಂತಪ್ಪ ಸೊಂಟದ ಮೇಲೆ ಕೈಯಿಟ್ಟು ಕೇಳಿ, ತಮ್ಮ ವಸ್ತುವನ್ನು ತಾವು ತೊಗೊಂಡರೆ ಅದು ಕಳವು ಹೆಂಗ ಆಗತೈತಿ ಎಂದು ಪ್ರಶ್ನಿಸಿ, ಅವರನ್ನು ಅಲ್ಲೇ ಬಿಡುಗಡೆ ಮಾಡಿಬಿಟ್ಟ.

ಇನ್ನು ಉಳಿದದ್ದು ಒಂದೇ ದಾರಿ. ನಿಜ ಹೇಳುವುದು. ಚಂದ್ರನನ್ನು ನೋಡಿದ್ದನ್ನೂ ನಾಳೆ ಕೈಗೆ ಬರುವ ಕೆಲಸವನ್ನೂ ಅವರು ಹೇಳಿದರು. ಹೇಳುವಾಗ ನೆಲದಲ್ಲಿ ಬಿರುಕು ಹುಡುಕುತ್ತಿದ್ದರು.

"ಎಲ್ಲಿ ನೋಡಿದ್ರಿ?" ಎಂದ ಬಸವಂತಪ್ಪ.

"ಸ್ಟೇಷನ್ ರಸ್ತೆ ತಿರುವಿನಲ್ಲಿ. ಸೂರಿನ ಮೇಲೆ. ತಟ್ಟೆಯ ಹಾಗೆ ಗುಂಡಗೆ ಇತ್ತು."

ಬಸವಂತಪ್ಪನ ಹೊಟ್ಟೆ ಕುಲುಕತೊಡಗಿತು. ನಗು ಮೇಲೇರಿ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ರಾಯರ, ಅದು ನಮ್ಮ ಮಂಡಳಿ ದೀಪರೀ. ಬಿಳೀ ಗಾಜಿನ ಬುರುಡಿ. ಮುಂಜಾನೆ ನಾನ ಬಿದರ ಮ್ಯಾಲ ಕಟ್ಟೇನಿ. ಚೌತಿ ಚಂದ್ರಾಮ ಎಲ್ಲಾರ ಗುಂಡಗ ಇರ್ತಾನೇನ್ರಿ? ಉಗುರ ಕತ್ತರಿಸಿ ಒಗದಂಗ ಇರ್ತಾನ, ಇಷ್ಟ."

ಎಲ್ಲರೂ ನಕ್ಕರು. ರಮಾಮಣಿಯೂ ನಕ್ಕಳು. ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ ಚಂದ್ರ ಎಷ್ಟಿರುತ್ತಾನೆಂದು ಪಂಚಾಂಗ ಬಲ್ಲ ಮನುಷ್ಯನಿಗೆ ತಿಳಿಯದ್ದೇನಲ್ಲ. ಆದರೆ ಜನ್ಮದಲ್ಲಿ ಒಮ್ಮೆಯೂ ಚೌತಿಯ ಚಂದ್ರನನ್ನು ನೋಡಿರದ ಕಣ್ಣಿಗೆ ಅದು ಹೇಗೆ ಹೊಳೆಯಬೇಕು? ನಾಚಿಕೆಯಿಂದ ಅವರು ಗೋಣಿಚೀಲವನ್ನು ಮತ್ತೆ ತಲೆಯ ಮೇಲೆ ಎಳೆದುಕೊಳ್ಳಬೇಕೆಂದಿದ್ದರು. ಅಷ್ಟರಲ್ಲಿ ನಾಚಿಕೆಯ ಅಡಿಯಿಂದ ಬೇರೆ ಏನೋ ತಣ್ಣಗೆ ಏಳತೊಡಗಿತು. ಚಂದ್ರನನ್ನು ನೋಡಿಯೇ ಇಲ್ಲ. ದೋಷವೇ ಇಲ್ಲ. ಅಪವಾದವಿಲ್ಲ. ಬೀರು ಉಳಿಯಿತು. ವರ್ಷಗಳಿಂದ ಬಾಗಿದ ಬೆನ್ನು ತಾನಾಗಿ ನೆಟ್ಟಗಾಯಿತು.

"ಖರೇ ಚಂದ್ರಾಮ ಅಕಾ ಅಲ್ಲಿರ್ತಾನ, ಗುಡ್ಡದ ಮ್ಯಾಲ" ಎಂದು ಬಸವಂತಪ್ಪ ತಾನು ನೆಲ ನೋಡುತ್ತ, ಕೈಯನ್ನು ಮಾತ್ರ ಪಶ್ಚಿಮಕ್ಕೆ ಚಾಚಿದ. "ನೋಡಬ್ಯಾಡ್ರಿ ಮತ್ತ."

ಚಾಳಿನ ಜನವೆಲ್ಲ ಪಟ್ಟನೆ ತಲೆ ತಗ್ಗಿಸಿತು. ಆದರೆ ವೆಂಕಟಸುಬ್ಬಯ್ಯನವರು ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವರು. ಯಾರಾದರೂ ಬೆರಳು ತೋರಿಸಿದರೆ ಆ ಕಡೆ ನೋಡುವುದು ಅವರ ಕೆಲಸವಾಗಿತ್ತು. ಬೆರಳಿನ ತುದಿಯಿಂದ ಕಣ್ಣು ಗುಡ್ಡಕ್ಕೆ ಹೋಯಿತು, ಗುಡ್ಡದಿಂದ ಮೇಲಕ್ಕೆ. ಮೋಡ ಸರಿದಿತ್ತು. ಬಸವಂತಪ್ಪ ಹೇಳಿದಂತೆಯೇ, ಕತ್ತರಿಸಿ ಒಗೆದ ಉಗುರಿನಂತೆ, ಬಲು ಅಂದವಾಗಿ ಅದು ಇತ್ತು.

"ಸೇವಂತಮ್ಮ" ಎಂದರು ಅವರು, ಕಣ್ಣು ಕೆಳಗಿಳಿಸಿ. "ನನಗೊಂದು ಮಾತು ಬೈಯಮ್ಮ. ಕನ್ನಡದಲ್ಲಿ."

"ಸತ್ತರೂ ಇಲ್ಲ ರಾಯರೇ" ಎಂದು ಅವಳು ಕೆನ್ನೆ ಬಡಿದುಕೊಂಡಳು. "ಇನ್ನು ಈ ಜನ್ಮದಲ್ಲಿ ನಿಮ್ಮ ಮೇಲೆ ನನ್ನ ನಾಲಿಗೆ ಏಳುವುದಿಲ್ಲ." ಬಸವಂತಪ್ಪನನ್ನು ಕೇಳಿದರೆ ಅವನು ಇನ್ನೆರಡು ಕಡುಬು ತರಿಸಲು ಹೊರಟ. ಬೈಗುಳ ಯಾಕೆ ಬೇಕೆಂಬುದು ಈಗ ಇಡೀ ಚಾಳಿಗೆ ಗೊತ್ತಿತ್ತು. ಗೊತ್ತಿದ್ದು ಬೈದರೆ ಅದು ಬೈಗುಳವಲ್ಲ, ಉಪಚಾರ.

ಅಷ್ಟರಲ್ಲಿ ಚಾಳಿನ ಮುಂದೆ ಮೋಟಾರು ನಿಂತ ಸದ್ದಾಯಿತು. ಇಳಿದು ಬಂದವನು ವಕೀಲರ ಡ್ರೈವರ್ ಸೀನ. ಒಪ್ಪಿಸಿದ ಮಾತನ್ನು ಒಂದಕ್ಷರ ಕಳೆಯದೆ, ಒಂದಕ್ಷರ ಸೇರಿಸದೆ ಮುಟ್ಟಿಸುತ್ತಾನೆಂದು ಅವನಿಗೆ ಹೆಸರಿತ್ತು.

"ಬೀರು ಕೀಲಿಕೈ ಕಾಣ್ತಿಲ್ಲವಂತೆ" ಎಂದ ಸೀನ, ಗಿಳಿಪಾಠದಂತೆ. "ಇವತ್ತು ಮನೆಗೆ ಬೇರೆ ಯಾರೂ ಬಂದಿಲ್ಲವಂತೆ. ತಾವು ಏನಾದರೂ ಬಲ್ಲಿರಾ, ಕೇಳ್ಕೊಂಡು ಬಾ ಅಂದರು."

ವೆಂಕಟಸುಬ್ಬಯ್ಯನವರ ಕೈ ಕೋಟಿನ ಜೇಬಿಗೆ ಹೋಯಿತು. ಗಣಗಣ ಎಂದದ್ದು ಚಿಲ್ಲರೆಯಲ್ಲ. ಬೀಗ ಹಾಕಿದ ಮೇಲೆ ನಮಸ್ಕಾರದ ಗಡಿಬಿಡಿಯಲ್ಲಿ ಕೀಲಿಕೈ ಜೇಬಿಗಿಳಿದಿತ್ತು. ತಾವಾಗಿ ಹೋಗಿ ಹೇಳಿದರೆ ವಕೀಲರು ಒಂದು ವೇಳೆ ನಂಬಿಯಾರು. ಮರೆತು ತಂದದ್ದು, ಮನಸ್ಸಿನಲ್ಲಿ ಏನೂ ಇರಲಿಲ್ಲ, ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಸವಂತಪ್ಪ ಎದೆ ಮುಂದೆ ಮಾಡಿ ನಡುವೆ ಬಂದಿದ್ದ. ನೆರೆಯವನ ಮಾನಕ್ಕೆ ಕುಂದು ಬಂದರೆ ಅವನು ಸುಮ್ಮನಿರುವವನಲ್ಲ.

"ತಮ್ಮಾ, ನಿಮ್ಮ ಸಾಹೇಬರಿಗೆ ಬಸವಂತಪ್ಪ ಹೇಳ್ಯಾನಂತ ಹೇಳು. ಈ ಮನಷ್ಯಾ ಕೀಲಿ ಕದಿಯಾಂವ ಅಲ್ಲ. ಇವತ್ತ ಸಂಜಿಕೆ ಒಂದ ಸವತಿಕಾಯಿ ಕದ್ದಾರ, ಅದು ಖರೆ. ಕತ್ತಲದಾಗ, ಸಪ್ಪಳ ಮಾಡದ, ಮನಸಾರೆ ಆಸೆಪಟ್ಟು ಕದ್ದಾರ, ಅವರ ಬಾಯಿಲೇ ಒಪ್ಪ್ಯಾರ. ಬೇಕಾದ್ರ ಇಡೀ ಚಾಳ ಸಾಕ್ಷಿ ಐತಿ. ಆದ್ರ ನೋಡಿದ್ರ ಅದೂ ಅವರದ ಆಗಿತ್ತು."

ಚಾಳಿನ ಜನ ಹೌದು ಹೌದೆಂದು ತಲೆಯಾಡಿಸಿದರು. ಸೇವಂತಿ ಕಣ್ಣೊರೆಸಿಕೊಳ್ಳುತ್ತ ಸೌತೆಕಾಯಿಯನ್ನು ಒರೆಸಿ ವೆಂಕಟಸುಬ್ಬಯ್ಯನವರ ಎಡಗೈಗೆ ಕೊಟ್ಟಳು. ಬಲಗೈಯಲ್ಲಿ ಕೀಲಿಕೈ ಇತ್ತು. ಸೀನ ಎರಡನ್ನೂ ನೋಡಿದ.

"ಕತ್ತಲಲ್ಲಿ, ಸಪ್ಪಳ ಮಾಡದೆ, ಮನಸಾರೆ ಆಸೆಪಟ್ಟು" ಎಂದು ತುಟಿಯಲ್ಲೇ ಒಂದು ಸಲ ಹೇಳಿಕೊಂಡು, ಕೀಲಿಕೈಯನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡು, ಮೋಟಾರಿನ ಕಡೆ ನಡೆದ.

ಸಂಜೆ ಹೇಗೆ ನಡೆದುಕೊಂಡನೆಂದು ತಿಳಿದರೆ ಮಧ್ಯಾಹ್ನದ ಮನಸ್ಸನ್ನು ಹೇಳಬಲ್ಲ ವಕೀಲರು ಬಾಂದ್ರಾದಲ್ಲಿ ಆರಾಮ ಕುರ್ಚಿಯ ಮೇಲೆ ಕಾಯುತ್ತಿದ್ದರು. ಮೋಟಾರು ಹೇಗೆ ಬಂದಿತ್ತೋ ಹಾಗೆ ಹೋಯಿತು. ಶ್ಲೋಕದ ಎರಡನೆಯ ಸಾಲು ಆಗ ವೆಂಕಟಸುಬ್ಬಯ್ಯನವರಿಗೆ ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ನೆನಪಿಗೆ ಬಂತು. ಅವರು ತಲೆ ತಗ್ಗಿಸಿದರು. ಗುಡ್ಡದ ಹಿಂದೆ ಚಂದ್ರ ಮುಳುಗಿಯಾಗಿತ್ತು.